ಕಲ್ಲು ಗೋಡೆಯ ಹಳೆ ಮನೆಯಲ್ಲಿ ನೆಟ್‌ವರ್ಕ್ ಕೇಬಲ್ ಹೊರಗಿನಿಂದ ಎಳೆಯಬಹುದಾ?

ಧಾರಾಳವಾಗಿ ಎಳೆಯಬಹುದು. ಬಸವನಗುಡಿಯ ಹಳೆ ಮನೆ, 18 ಇಂಚಿನ ಕಲ್ಲು ಗೋಡೆ, ರೂಟರ್ ಮುಂದಿನ ಹಾಲ್‌ನಲ್ಲಿದೆ, ಹಿಂದಿನ ರೂಮಿಗೆ ವೈಫೈ ಬರುತ್ತಿಲ್ಲ ಅಂತ ಬರೆದಿದ್ದೀರಿ. ಹೊರಗೋಡೆ ಮೇಲೆ ಕೇಬಲ್ ಎಳೆದರೆ ಮಳೆ ಬಿಸಿಲಿಗೆ ತಡೆಯುತ್ತಾ, ಸಿಡಿಲಿಗೆ ಹೆದರಬೇಕಾ ಅಂತ ಕೇಳಿದ್ದೀರಿ. ಹಿತ್ತಲಿನ ಔಟ್‌ಹೌಸ್‌ಗೂ ನೆಟ್ ಬೇಕು ಅಂದಿದ್ದೀರಿ.

ನಮ್ಮದೂ ಮಲ್ಲೇಶ್ವರದಲ್ಲಿ ಅಂಥದ್ದೇ ಮನೆ. ಇಂಥ ಗೋಡೆ ಇರುವ ಕಡೆ ಮೆಶ್ ವೈಫೈಗೆ, ಅಂದರೆ ಒಂದರಿಂದ ಒಂದಕ್ಕೆ ವೈಫೈಯಲ್ಲೇ ಸಿಗ್ನಲ್ ದಾಟಿಸುವ ಡಬ್ಬಗಳಿಗೆ, ದುಡ್ಡು ಹಾಕಬೇಡಿ. ಎರಡು ಡಬ್ಬಗಳ ಮಧ್ಯೆಯೂ ಅದೇ ಗೋಡೆ ತಾನೇ ಇರೋದು? ಒಂದು ಕೇಬಲ್ ಎಳೆದು, ಆ ತುದಿಗೆ ಆಕ್ಸೆಸ್ ಪಾಯಿಂಟ್, ಅಂದರೆ ಕೇಬಲ್‌ನಲ್ಲಿ ಬಂದ ನೆಟ್ಟನ್ನು ವೈಫೈ ಆಗಿ ಹರಡುವ ಡಬ್ಬ, ಇಟ್ಟುಬಿಡಿ. ಮನೆಯಲ್ಲಿ ಬಿದ್ದಿರುವ ಹಳೆ ರೂಟರ್ ಇದ್ದರೂ ನಡೆಯುತ್ತದೆ, ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿದರೆ ಆಯಿತು.

ಎಲ್ಲರೂ ಬಿಸಿಲಿಗೆ, ಸಿಡಿಲಿಗೆ ಹೆದರುತ್ತಾರೆ. ನಾನು ನೋಡಿದ ಮಟ್ಟಿಗೆ ಹೊರಗಿನ ಕೇಬಲ್ ಜಾಸ್ತಿ ಕೆಡೋದು ನೀರಿನಿಂದ. ಅದೂ ಗೋಡೆಯ ತೂತಿನ ಹತ್ತಿರ. ನಮ್ಮ ಸೋದರತ್ತೆ ಮನೆಯಲ್ಲಿ ಮಳೆಗಾಲ ಬಂದರೆ ಸಾಕು, ನೆಟ್ ಬಂದು ಬಂದು ಹೋಗುತ್ತಿತ್ತು. ನೆಟ್ ಪ್ಲಗ್ ಸಿಕ್ಕಿಸುವ ಗೋಡೆಯ ಜ್ಯಾಕ್ ಬಿಚ್ಚಿ ನೋಡಿದೆ. ತಂತಿಗಳು ಕೂರುವ ಜಾಗದಲ್ಲಿ ತಾಮ್ರದ ಮೇಲೆ ಹಸಿರು ಪುಡಿ ಕಟ್ಟಿತ್ತು, ಬಾಕ್ಸ್‌ನ ತಳದಲ್ಲಿ ನೀರಿನ ಪಸೆ. ಹೊರಗೆ ಹೋಗಿ ನೋಡಿದರೆ ಕೇಬಲ್ ತಾರಸಿಯಿಂದ ನೇರ ಇಳಿದು ಹಾಗೇ ತೂತಿನೊಳಗೆ ನುಗ್ಗಿತ್ತು. ಬಿದ್ದ ಮಳೆಯೆಲ್ಲ ಕೇಬಲ್ ಹಿಡಿದುಕೊಂಡೇ ಒಳಗೆ ಬರುತ್ತಿತ್ತು. ಸಾಲದ್ದಕ್ಕೆ, ಅದು ಒಳಗಡೆ ಹಾಕುವ ಬೂದು ಬಣ್ಣದ ಕೇಬಲ್. ತಿರುವಿನಲ್ಲಿ ಸಿಪ್ಪೆ ಬಿರುಕುಬಿಟ್ಟಿತ್ತು. ಆ ಬಿರುಕಿನಿಂದ ಇಳಿದ ನೀರು ತಂತಿಗಳ ಸಂದಿಯಲ್ಲೇ ಹರಿದು ಜ್ಯಾಕ್‌ವರೆಗೂ ಬಂದಿತ್ತು.

ಅದಕ್ಕೇ ತೂತಿನ ಕೆಲಸ ನಿಧಾನವಾಗಿ, ಸರಿಯಾಗಿ ಮಾಡಿಸಿ. ತೂತು ಒಳಗಡೆ ಎತ್ತರದಲ್ಲಿರಬೇಕು, ಹೊರಗಡೆ ಸ್ವಲ್ಪ ತಗ್ಗಿರಬೇಕು. ಆಗ ಒಳಗೆ ನುಸುಳಿದ ನೀರೂ ಆಚೆಗೇ ಹರಿಯುತ್ತದೆ. ಹೊರಗೆ ಕೇಬಲ್ಲನ್ನು ತೂತಿಗಿಂತ ಕೆಳಗೆ ಇಳಿಸಿ, ಅಲ್ಲಿಂದ ಮೇಲಕ್ಕೆ ತಿರುಗಿಸಿ ಒಳಗೆ ಸೇರಿಸಿ. ಮಳೆ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಬಿದ್ದುಹೋಗುತ್ತದೆ. ಕೊನೆಗೆ ಹೊರಬಾಯಿಗೆ ಸಿಲಿಕೋನ್ ತುಂಬಿ. ಸಿಮೆಂಟ್ ಬೇಡ, ನಾಳೆ ಕೇಬಲ್ ಬದಲಾಯಿಸಬೇಕಾದರೆ ಗೋಡೆ ಒಡೆಯಬೇಕಾಗುತ್ತದೆ.

18 ಇಂಚಿನ ಕಲ್ಲನ್ನು ಮನೆಯಲ್ಲಿರುವ ಸಣ್ಣ ಡ್ರಿಲ್‌ನಿಂದ ಕೊರೆಯಲು ಹೋಗಬೇಡಿ. ಎಸಿ ಹಾಕುವವರ ಹತ್ತಿರ ದೊಡ್ಡ ಹ್ಯಾಮರ್ ಡ್ರಿಲ್, ಉದ್ದದ ಬಿಟ್ ಇರುತ್ತದೆ, ಅವರನ್ನು ಕರೆಸಿ. ಕೇಬಲ್ ದಪ್ಪ 6-7 ಮಿಲಿಮೀಟರ್ ಅಷ್ಟೇ. ಪ್ಲಗ್ ಇಲ್ಲದೆ ಬರೀ ಕೇಬಲ್ ತೂರಿಸಿ ಆಮೇಲೆ ತುದಿ ಕಟ್ಟುವುದಾದರೆ 12 ಮಿಲಿಮೀಟರ್ ತೂತು ಸಾಕು. ಕಾಲಮ್, ಬೀಮ್, ಕಿಟಕಿ ಮೇಲಿನ ಲಿಂಟಲ್ ಮುಟ್ಟಲೇಬಾರದು. ಸ್ವಿಚ್ ಬೋರ್ಡಿನ ನೇರ ಮೇಲೆ ಕೆಳಗೆ ವೈರಿಂಗ್ ಇರುತ್ತದೆ, ಬಚ್ಚಲ ಗೋಡೆಯಲ್ಲಿ ನೀರಿನ ಪೈಪ್ ಇರುತ್ತದೆ, ಅಲ್ಲೂ ಬೇಡ.

ಅದಕ್ಕೂ ಮುಂಚೆ ಒಂದು ಸಲ ತಲೆ ಎತ್ತಿ ನೋಡಿ. ಬಸವನಗುಡಿ, ಚಾಮರಾಜಪೇಟೆ ಕಡೆಯ ಹಳೆ ಮನೆಗಳಲ್ಲಿ ಕಿಟಕಿ ಮೇಲೆ, ಸೂರಿನ ಹತ್ತಿರ ವೆಂಟಿಲೇಟರ್ ಇರುತ್ತದೆ ಅಲ್ವಾ? ನಮ್ಮ ಮನೆಯಲ್ಲಿ ಹಾಲ್ ಕಡೆ ಕೇಬಲ್ ಹೊರಗೆ ಹೋಗಿರೋದು ಅದರ ಮರದ ಚೌಕಟ್ಟಿನಲ್ಲೇ. ಸಣ್ಣ ತೂತು, ಅದೂ ಮರದಲ್ಲಿ. ಮೇಲೆ ಸಜ್ಜಾ ಇರುವುದರಿಂದ ಮಳೆಯೂ ತಾಗುವುದಿಲ್ಲ. ಕಲ್ಲು ಮುಟ್ಟುವ ಪ್ರಮೇಯವೇ ಬರಲಿಲ್ಲ.

ಇನ್ನು ಕೇಬಲ್. ಕ್ಯಾಟ್ 6 ಔಟ್‌ಡೋರ್ ಅಂತ ಕೇಳಿ. ಕಪ್ಪು ಸಿಪ್ಪೆ, ಪಾಲಿಥೀನ್‌ನದು, ಬಿಸಿಲಿಗೆ ತಡೆಯುತ್ತದೆ. ಒಳಗಿನ ಕೇಬಲ್‌ನ ಪಿವಿಸಿ ಸಿಪ್ಪೆ ಬಿಸಿಲಲ್ಲಿ ವರ್ಷ ಕಳೆದಂತೆ ಗಡುಸಾಗಿ ಒಡೆಯುತ್ತದೆ. ಆದರೆ ಈ ಪಾಲಿಥೀನ್ ಬೆಂಕಿ ಬೇಗ ಹಿಡಿಯುತ್ತದೆ. ಹಾಗಾಗಿ ಮನೆಯೊಳಗೆ ಉದ್ದಕ್ಕೂ ಓಡಿಸಬೇಡಿ. ಒಳಗೆ ಬಂದ ಕೂಡಲೇ ಒಂದು ಜ್ಯಾಕ್ ಬಾಕ್ಸ್‌ಗೆ ಮುಗಿಸಿ, ಅಲ್ಲಿಂದ ಮುಂದಕ್ಕೆ ಸಾಮಾನ್ಯ ಪ್ಯಾಚ್ ಕಾರ್ಡ್ (ಎರಡು ತುದಿಗೂ ಪ್ಲಗ್ ಇರುವ ಗಿಡ್ಡ ಕೇಬಲ್) ಹಾಕಿ.

ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌ಪಿ ರೋಡ್‌ನಲ್ಲಿ ಈ ಕೇಬಲ್ ಮೀಟರ್ ಲೆಕ್ಕದಲ್ಲೂ ಸಿಗುತ್ತದೆ. ಅಲ್ಲಿ ಒಂದು ವಿಷಯ ಮಾತ್ರ ಬಿಡದೆ ನೋಡಿ. ಕಡಿಮೆ ಬೆಲೆಯ ಎಷ್ಟೋ ಕೇಬಲ್‌ಗಳಲ್ಲಿ ಇರೋದು ಅಲ್ಯೂಮಿನಿಯಂ, ಮೇಲೆ ತಾಮ್ರದ ತೆಳು ಲೇಪ ಅಷ್ಟೇ. ಬಾಕ್ಸ್ ಮೇಲೆ ಸಿಸಿಎ ಅಂತ ಬರೆದಿರುತ್ತದೆ, ಕೆಲವು ಸಲ ಅದೂ ಇರುವುದಿಲ್ಲ. ಅಂಗಡಿಯಲ್ಲೇ ಒಂದು ತಂತಿ ಬಿಡಿಸಿ, ಬ್ಲೇಡಿನಿಂದ ಕೆರೆಯಿರಿ. ಕೆರೆದಷ್ಟೂ ಕೆಂಪಾಗಿದ್ದರೆ ತಾಮ್ರ. ಬೆಳ್ಳಗೆ ಕಂಡರೆ ವಾಪಸ್ ಕೊಟ್ಟುಬಿಡಿ. ಅಲ್ಯೂಮಿನಿಯಂ ನಾಲ್ಕು ಸಲ ಬಗ್ಗಿಸಿದರೆ ಮುರಿಯುತ್ತದೆ. ಇದೇ ಕೇಬಲ್ ಮೂಲಕ ಆಕ್ಸೆಸ್ ಪಾಯಿಂಟ್‌ಗೆ ಕರೆಂಟ್ ಕೊಡುವುದಾದರೆ ಬಿಸಿಯೂ ಜಾಸ್ತಿ ಆಗುತ್ತದೆ.

ಎಳೆಯುವಾಗ ಸಜ್ಜಾ ಕೆಳಗೆ, ಸೂರಿನ ಕೆಳಗೆ ಓಡಿಸಿದಷ್ಟೂ ಒಳ್ಳೆಯದು. ಕ್ಲಿಪ್ ಸಡಿಲವಾಗಿರಲಿ, ಬಿಗಿದು ಚಪ್ಪಟೆ ಮಾಡಬೇಡಿ. ಮೂಲೆಯಲ್ಲಿ ಕಾಫಿ ಲೋಟಕ್ಕೆ ಸುತ್ತಿದ ಹಾಗೆ ಗುಂಡಗೆ ತಿರುಗಲಿ. ಕರೆಂಟ್ ವೈರ್ ಪಕ್ಕದಲ್ಲಿ ಓಡಿಸುವುದಾದರೆ ಮಧ್ಯೆ ಒಂದು ಗೇಣು ಜಾಗ ಬಿಡಿ, ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ. ಇಲಿ, ಅಳಿಲು ಓಡಾಡುವ ಕಡೆ ಮಾತ್ರ ಪೈಪ್ ಹಾಕಿ, ಪೈಪಿನ ತಗ್ಗಿನ ಜಾಗದಲ್ಲಿ ನೀರು ಇಳಿಯಲು ಒಂದು ಸಣ್ಣ ತೂತು ಇರಲಿ. ದೂರದ ಚಿಂತೆ ಬೇಡ, 100 ಮೀಟರ್‌ವರೆಗೆ ಗಿಗಾಬಿಟ್ (ಸೆಕೆಂಡಿಗೆ 1000 ಮೆಗಾಬಿಟ್) ವೇಗ ಬರುತ್ತದೆ.

ಎರಡು ತುದಿಯಲ್ಲೂ ಬಣ್ಣಗಳ ಕ್ರಮ ಒಂದೇ ಇರಲಿ. ಕಿತ್ತಳೆಪಟ್ಟೆ ಬಿಳಿ, ಕಿತ್ತಳೆ, ಹಸಿರುಪಟ್ಟೆ ಬಿಳಿ, ನೀಲಿ, ನೀಲಿಪಟ್ಟೆ ಬಿಳಿ, ಹಸಿರು, ಕಂದುಪಟ್ಟೆ ಬಿಳಿ, ಕಂದು. ಮುಗಿದ ಮೇಲೆ ಲ್ಯಾಪ್‌ಟಾಪ್‌ಗೆ ಹಾಕಿ ಲಿಂಕ್ ಸ್ಪೀಡ್ ನೋಡಿ. ರೂಟರ್, ಲ್ಯಾಪ್‌ಟಾಪ್ ಎರಡೂ ಗಿಗಾಬಿಟ್‌ನವಾದರೆ 1000 ಬರಬೇಕು. 100 ಬಂದರೆ ಯಾವುದೋ ತಂತಿ ಸರಿಯಾಗಿ ಕೂತಿಲ್ಲ ಅಂತ ಲೆಕ್ಕ, ಯಾಕೆಂದರೆ 100ಕ್ಕೆ ಎರಡು ಜೋಡಿ ತಂತಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. ಕೆಲಸ ಮಾಡಿದವರು ಹೊರಡುವ ಮುಂಚೆಯೇ ಇದನ್ನು ನೋಡಿಕೊಳ್ಳಿ.

ಸಿಡಿಲಿನ ವಿಷಯ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆ ನಮ್ಮೂರಲ್ಲಿ ಜೋರೇ. ಒಂದೇ ಮನೆಯ ಗೋಡೆಗೆ ಅಂಟಿಕೊಂಡು, ತಾರಸಿಗಿಂತ ಕೆಳಗೆ ಓಡುವ ಕೇಬಲ್‌ಗೆ ಅಪಾಯ ಕಡಿಮೆ. ಆದರೂ ಜೋರು ಗುಡುಗಿದ್ದಾಗ ಎರಡೂ ತುದಿಯ ಪ್ಲಗ್ ತೆಗೆದಿಟ್ಟರೆ ಒಳ್ಳೆಯದು. ಸಿಡಿಲು ಶುರುವಾದ ಮೇಲೆ ಕೈ ಹಾಕಬೇಡಿ, ಮೋಡ ಕಟ್ಟುವಾಗಲೇ ತೆಗೆಯಿರಿ. ಶೀಲ್ಡ್ (ತಂತಿಗಳ ಸುತ್ತ ಲೋಹದ ಹೊದಿಕೆ) ಇರುವ ಕೇಬಲ್ ಮನೆಗೆ ಬೇಕಾಗಿಲ್ಲ. ಶೀಲ್ಡನ್ನು ಸರಿಯಾಗಿ ಅರ್ಥಿಂಗ್ ಮಾಡದಿದ್ದರೆ ಅದರಿಂದ ಉಪಯೋಗಕ್ಕಿಂತ ತೊಂದರೆಯೇ ಜಾಸ್ತಿ.

ಔಟ್‌ಹೌಸ್‌ಗೆ ಮಾತ್ರ ತಾಮ್ರ ಬೇಡ ಅಂತ ಖಡಾಖಂಡಿತವಾಗಿ ಹೇಳುತ್ತೇನೆ. ಅದು ಬೇರೆ ಕಟ್ಟಡ, ಅದರ ಅರ್ಥಿಂಗ್ ಬೇರೆ ಇರಬಹುದು. ಹತ್ತಿರದಲ್ಲೆಲ್ಲೋ ಸಿಡಿಲು ಬಡಿದರೆ ಎರಡು ಕಟ್ಟಡಗಳ ನೆಲದ ವೋಲ್ಟೇಜ್‌ನಲ್ಲಿ ದೊಡ್ಡ ವ್ಯತ್ಯಾಸವಾಗಿ, ಕರೆಂಟ್ ಈ ಕೇಬಲ್ ಮೂಲಕವೇ ಹರಿಯಬಹುದು. ಎರಡು ಕಡೆಯ ಸಾಮಾನೂ ಸುಟ್ಟುಹೋಗಬಹುದು. ಅಲ್ಲಿಗೆ ಫೈಬರ್ ಎಳೆಸಿ, ಎರಡು ತುದಿಗೂ ಒಂದೊಂದು ಮೀಡಿಯಾ ಕನ್ವರ್ಟರ್ (ಫೈಬರ್‌ನ ಬೆಳಕನ್ನು ತಾಮ್ರದ ಕೇಬಲ್‌ನ ಸಿಗ್ನಲ್‌ಗೆ ಬದಲಿಸುವ ಡಬ್ಬ) ಹಾಕಿಸಿ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಕಂಬದಿಂದ ಮನೆಗೆ ಎಳೆಯುವ ಚಪ್ಪಟೆ ಕಪ್ಪು ಫೈಬರ್ ಕೇಬಲ್‌ನಲ್ಲಿ ಸಾಮಾನ್ಯವಾಗಿ ಗಾಜಿನ ಜೊತೆ ಉಕ್ಕಿನ ತಂತಿಯೂ ಇರುತ್ತದೆ. ಆ ಉಕ್ಕಿನ ತಂತಿಯನ್ನು ಎರಡೂ ಕಡೆ ಗೋಡೆಯ ಹೊರಗೇ ಕತ್ತರಿಸಿ, ಗಾಜಿನ ಎಳೆಯನ್ನಷ್ಟೇ ಒಳಗೆ ತರಲು ಹೇಳಿ.