ಗುಳಿಗೆ ಬಿಟ್ಟು ಬೇರಿನ ಪುಡಿ ಹಿಡಿದ ಅಪ್ಪ

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನಮ್ಮದು ಬನಹಟ್ಟಿ, ನೇಕಾರರ ಮನೆ. ಅಪ್ಪನಿಗೆ 58 ವರ್ಷ. ಆರು ವರ್ಷದಿಂದ ಶುಗರ್‌ಗೆ ಮೆಟ್‌ಫಾರ್ಮಿನ್, ಜೊತೆಗೊಂದು ಬಿಪಿ ಗುಳಿಗೆ ತಗೊಳ್ತಿದ್ದರು. ನಾಲ್ಕು ತಿಂಗಳ ಹಿಂದೆ ಪರಿಚಯದವರೊಬ್ಬರು ಬಂದು, ‘ಗುಳಿಗಿ ನುಂಗಿ ನುಂಗಿ ಕಿಡ್ನಿ ಹೋಗ್ತಾವು, ಇದು ಬರೀ ಬೇರಿಂದು, ಸೈಡ್ ಎಫೆಕ್ಟ್ ಇಲ್ಲ’ ಎಂದು ಒಂದು ಪುಡಿ, ಒಂದು ಕ್ಯಾಪ್ಸೂಲ್ ಡಬ್ಬಿ ಕೊಟ್ಟರು. ತಿಂಗಳಿಗೆ 2,800 ರೂಪಾಯಿ. ಅಪ್ಪ ಗುಳಿಗೆ ಪೂರ್ತಿ ಬಿಟ್ಟಿದ್ದಾರೆ. ಮನೆಯ ಮಷಿನ್‌ನಲ್ಲಿ ಖಾಲಿ ಹೊಟ್ಟೆಯ ಶುಗರ್ 138 ಬಂತು ಅಂತ ಖುಷಿಯಾಗಿದ್ದಾರೆ. ನಾವು ಬಾಯಿ ತೆರೆದರೆ ಜಗಳ. ಅವರು ಹೇಳೋದು ಸರಿನಾ?

ಉತ್ತರ: ಮೊದಲು ಒಂದು ಮಾತು. ಆ ಡಬ್ಬಿಯನ್ನು ಸಿಟ್ಟಿನಲ್ಲಿ ಕಸಕ್ಕೆ ಎಸೆಯಬೇಡಿ. ಏಕೆ ಅಂತ ಮುಂದೆ ಹೇಳುತ್ತೇನೆ.

ನಿಮ್ಮ ತಂದೆಯವರ ಅನುಮಾನ ನನಗೆ ಅರ್ಥವಾಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರವೇ 328 ಬಗೆಯ ಮಿಶ್ರ ಔಷಧಿಗಳನ್ನು ನಿಷೇಧಿಸಿತು. ಅಲ್ಲಿಯವರೆಗೆ ಅವನ್ನು ನಾವೇ ಬರೆದುಕೊಡುತ್ತಿದ್ದೆವು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ತೀರಿಕೊಂಡಾಗ ಸಲೈನ್ ಬಾಟಲಿಗಳ ಮೇಲೆ ಅನುಮಾನ ಬಂತು. ಅದನ್ನೆಲ್ಲ ಓದಿದ ಮನುಷ್ಯ ಗುಳಿಗೆಯನ್ನು ಕಣ್ಣು ಮುಚ್ಚಿ ನಂಬಬೇಕು ಅಂತ ನಾನು ಹೇಗೆ ಹೇಳಲಿ? ಇನ್ನೊಂದು ವಿಷಯ. ಆರು ವರ್ಷದಲ್ಲಿ ಅವರನ್ನು ಕೂರಿಸಿಕೊಂಡು, ಈ ಗುಳಿಗೆ ಏಕೆ, ಎಷ್ಟು ದಿನ, ಏನಾದರೆ ಬಿಡಬೇಕು ಅಂತ ಯಾರಾದರೂ ಹೇಳಿದ್ದಾರಾ? ನಮ್ಮ ಓಪಿಡಿಯಲ್ಲಿ ಒಬ್ಬರಿಗೆ ಎರಡು ನಿಮಿಷವೂ ಸಿಗುವುದಿಲ್ಲ. ಪುಡಿ ತಂದವರು ಮನೆಗೆ ಬಂದು, ಚಹಾ ಕುಡಿದು, ನಿಮ್ಮ ತಂದೆಯವರ ಕಷ್ಟ ಕೇಳಿದ್ದಾರೆ. ಅವರ ಮಾತು ಗೆದ್ದಿದ್ದು ಸಹಜ. ಈ ತಪ್ಪಿನಲ್ಲಿ ನಮ್ಮ ಪಾಲೂ ಇದೆ.

ಈಗ ಕಿಡ್ನಿಯ ವಿಷಯ. ಮೆಟ್‌ಫಾರ್ಮಿನ್ ಕಿಡ್ನಿಯನ್ನು ಕೆಡಿಸುವುದಿಲ್ಲ. ಹತೋಟಿಯಲ್ಲಿಲ್ಲದ ಶುಗರ್ ಮತ್ತು ಬಿಪಿ ಕೆಡಿಸುತ್ತವೆ. ಹಾಗಾದರೆ ಈ ಮಾತು ಎಲ್ಲಿಂದ ಬಂತು? ಮೆಟ್‌ಫಾರ್ಮಿನ್ ದೇಹದಿಂದ ಹೊರಗೆ ಹೋಗುವುದು ಕಿಡ್ನಿಯ ಮೂಲಕ. ಕಿಡ್ನಿ ಸೋತಾಗ ಅದು ಒಳಗೇ ಉಳಿಯುತ್ತದೆ. ಅದಕ್ಕೇ ಕಿಡ್ನಿಯ ಶಕ್ತಿ ತೋರಿಸುವ ಇಜಿಎಫ್‌ಆರ್ ಅಂಕಿ 45ಕ್ಕಿಂತ ಇಳಿದರೆ ನಾವು ಡೋಸ್ ಕಡಿಮೆ ಮಾಡುತ್ತೇವೆ, 30ಕ್ಕಿಂತ ಇಳಿದರೆ ನಿಲ್ಲಿಸುತ್ತೇವೆ. ಮನೆಯವರಿಗೆ ಕಾಣುವುದು ಇಷ್ಟೇ: ಕಿಡ್ನಿ ಹೋಯಿತು, ಡಾಕ್ಟರು ಆ ಗುಳಿಗೆ ಬಿಡಿಸಿದರು. ‘ಓ, ಅದರಿಂದಲೇ ಹೋಗಿದ್ದು’ ಅಂತ ಓಣಿಯಲ್ಲೆಲ್ಲ ಸುದ್ದಿಯಾಗುತ್ತದೆ.

ಮೆಟ್‌ಫಾರ್ಮಿನ್‌ನಿಂದ ತೊಂದರೆಯೇ ಇಲ್ಲ ಅಂತಲ್ಲ. ಕೆಲವರಿಗೆ ಹೊಟ್ಟೆ ಉಬ್ಬರ, ಭೇದಿ ಆಗುತ್ತದೆ. ಊಟದ ಜೊತೆ ತಗೊಂಡರೆ ಬಹಳಷ್ಟು ಕಡಿಮೆಯಾಗುತ್ತದೆ. ವರ್ಷಗಟ್ಟಲೆ ತಗೊಂಡವರಲ್ಲಿ ವಿಟಮಿನ್ ಬಿ12 ಇಳಿಯಬಹುದು, ಅಂಗಾಲು ಜುಂ ಅನ್ನಬಹುದು. ನಿಮ್ಮ ತಂದೆಯವರಿಗೂ ಆರು ವರ್ಷವಾಗಿದೆ, ಬಿ12 ಒಮ್ಮೆ ನೋಡಿಸಿ.

ನನ್ನ ಅನುಮಾನ ಬೇರೆ ಗುಳಿಗೆಯ ಮೇಲಿದೆ. ಮಗ್ಗದ ಕೆಲಸದವರಿಗೆ ಸೊಂಟ ನೋವು, ಮೊಣಕಾಲು ನೋವು ತಪ್ಪಿದ್ದಲ್ಲ. ಮೆಡಿಕಲ್ ಅಂಗಡಿಗೆ ಹೋಗಿ ‘ಮೈಕೈ ನೋವಿಂದು ಕೊಡ್ರಿ’ ಅಂದರೆ ಚೀಟಿ ಕೇಳದೆ ಡೈಕ್ಲೋಫೆನಾಕ್ ಕೊಡುತ್ತಾರೆ. ಶುಗರ್, ಬಿಪಿ ಎರಡೂ ಇರುವವರು ದಿನಾ ಅದನ್ನು ನುಂಗಿದರೆ ಕಿಡ್ನಿಗೆ ನಿಜವಾಗಿಯೂ ಪೆಟ್ಟು ಬೀಳುತ್ತದೆ. ನಿಮ್ಮ ತಂದೆಯವರ ಜೇಬಿನಲ್ಲಿ ಅಂಥ ಗುಳಿಗೆಯ ಪಟ್ಟಿ ಇದೆಯಾ ನೋಡಿ. ಇದ್ದರೆ ಮೊದಲು ಅದನ್ನು ಬಿಡಿಸಬೇಕು.

‘ಬೇರಿಂದು’ ಅನ್ನುವ ಮಾತಿಗೆ ಬರುತ್ತೇನೆ. ಮೆಟ್‌ಫಾರ್ಮಿನ್‌ನ ಮೂಲವೂ ಒಂದು ಗಿಡವೇ. ಯುರೋಪಿನಲ್ಲಿ ಗೋಟ್ಸ್ ರೂ ಅನ್ನುವ ಹೂವಿನ ಗಿಡವಿದೆ. ಅದರಲ್ಲಿರುವ ಗ್ಯಾಲಿಜಿನ್ ರಕ್ತದ ಸಕ್ಕರೆ ಇಳಿಸುತ್ತಿತ್ತು, ಆದರೆ ವಿಷ ಜಾಸ್ತಿ. ಅದರ ಜಾಡು ಹಿಡಿದೇ ಮೆಟ್‌ಫಾರ್ಮಿನ್ ಬಂತು. 1957ರಲ್ಲಿ ಫ್ರಾನ್ಸ್‌ನ ವೈದ್ಯ ಝಾಂ ಸ್ಟರ್ನ್ ಅದನ್ನು ಶುಗರ್ ರೋಗಿಗಳಿಗೆ ಕೊಟ್ಟು ಬರೆದರು. ನಮ್ಮದೇ ಸರ್ಪಗಂಧವನ್ನು ನೋಡಿ. ಮುಂಬೈನ ಡಾ. ರುಸ್ತುಂ ಜಾಲ್ ವಕೀಲ್ ಆ ಬೇರು ಬಿಪಿ ಇಳಿಸುತ್ತದೆ ಅಂತ 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಬರೆದರು. ಅದರಿಂದ ತೆಗೆದ ರೆಸರ್ಪಿನ್ ಜಗತ್ತೆಲ್ಲ ಓಡಾಡಿತು. ಆಮೇಲೆ ಕೆಲವರಿಗೆ ಮೂಗು ಕಟ್ಟುವುದು, ಮನಸ್ಸು ಕುಗ್ಗುವುದು ಶುರುವಾಯಿತು. ಬೇರಿಗೆ ರೋಗ ಇಳಿಸುವ ಶಕ್ತಿ ಇದೆ ಅಂದಮೇಲೆ ತೊಂದರೆ ಕೊಡುವ ಶಕ್ತಿಯೂ ಇರುತ್ತದೆ, ಅಲ್ವಾ? ಕೆಮ್ಮಿಗೆ ಜಗಿಯುವ ಜ್ಯೇಷ್ಠಮಧು ಕೂಡ ದಿನಾ ಜಾಸ್ತಿ ತಿಂದರೆ ಬಿಪಿ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ.

ಇದಕ್ಕಿಂತ ದೊಡ್ಡ ಭಯ ಕಲಬೆರಕೆಯದು. ಬೀಳಗಿ ಕಡೆಯ ಒಬ್ಬ ಅಜ್ಜಿ ನನ್ನ ಬಳಿ ಬಂದಿದ್ದರು. ಪೇಪರಿನಲ್ಲಿ ಮಡಚಿದ ಪುಡಿಯ ಪೊಟ್ಟಣಗಳನ್ನು ಸೀರೆಯ ಸೆರಗಿನಿಂದ ಬಿಚ್ಚಿ ಮೇಜಿನ ಮೇಲಿಟ್ಟರು. ಬೂದು ಬಣ್ಣ, ಶುಂಠಿಯ ವಾಸನೆ. ‘ಮೂರ ದಿನಕ್ಕ ಮೊಣಕಾಲ ನೋವು ಹೋತು ಯವ್ವಾ’ ಅಂದರು. ಮುಖ ದುಂಡಗೆ ಊದಿತ್ತು. ಮುಂಗೈ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ತೆಳ್ಳಗಾಗಿ, ಅಲ್ಲಲ್ಲಿ ನೇರಳೆ ಕಲೆ. ಶುಗರ್ 380. ಇದು ಪುಡಿಯಲ್ಲಿ ಬೆರೆಸಿದ ಸ್ಟೀರಾಯ್ಡ್‌ನ ಗುರುತು. ಮನೆಯವರು ಹೆದರಿ ಪುಡಿ ಒಮ್ಮೆಲೇ ನಿಲ್ಲಿಸಿದರು. ನಾಲ್ಕನೇ ದಿನ ಅಜ್ಜಿ ಎದ್ದು ನಿಲ್ಲಲಾಗದೆ, ಬಿಪಿ ಬಿದ್ದು ಮತ್ತೆ ಬಂದರು. ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿದ್ದರೆ ದೇಹ ತನ್ನದನ್ನು ಮಾಡುವುದನ್ನು ಮರೆಯುತ್ತದೆ. ಅಂಥ ಪುಡಿಯನ್ನು ವೈದ್ಯರ ಕಣ್ಣೆದುರೇ, ಮೆಲ್ಲಗೆ ಬಿಡಿಸಬೇಕು. ಡಬ್ಬಿ ಎಸೆಯಬೇಡಿ ಅಂದಿದ್ದು ಇದಕ್ಕೇ.

ಶುಗರ್ ಪುಡಿಗಳಲ್ಲಿ ಸ್ಟೀರಾಯ್ಡ್ ಬದಲು ಮೆಟ್‌ಫಾರ್ಮಿನ್ ಅಥವಾ ಗ್ಲೈಬೆನ್‌ಕ್ಲಾಮೈಡ್ ಅನ್ನುವ ಇನ್ನೊಂದು ಶುಗರ್ ಗುಳಿಗೆ ಬೆರೆಸಿದ್ದು ಪರೀಕ್ಷೆಯಲ್ಲಿ ಸಿಕ್ಕ ಉದಾಹರಣೆಗಳಿವೆ. ನಿಮ್ಮ ತಂದೆಯವರ 138 ಹೇಗೆ ಬಂತು ಅಂತ ನಾನು ಇಲ್ಲಿ ಕೂತು ಹೇಳಲಾರೆ. ಚಹಾದ ಸಕ್ಕರೆ ಬಿಟ್ಟಿರಬಹುದು, ನಡೆಯುತ್ತಿರಬಹುದು, ಪುಡಿಯಲ್ಲೇ ಗುಳಿಗೆ ಇರಬಹುದು. ಹಾಗೇನಾದರೂ ಇದ್ದರೆ ಎಷ್ಟು ಡೋಸ್ ಹೊಟ್ಟೆಗೆ ಹೋಗುತ್ತಿದೆ ಅಂತ ಯಾರಿಗೂ ತಿಳಿಯದು. ಮೈ ಬೆವರಿ ನಡುಕ ಬಂದರೆ ತಕ್ಷಣ ಶುಗರ್ ನೋಡಿ, 70ಕ್ಕಿಂತ ಕಡಿಮೆ ಇದ್ದರೆ ಸಕ್ಕರೆ ನೀರು ಕುಡಿಸಿ. ಸೀಸ, ಪಾದರಸದ ಮಾತೂ ಸುಳ್ಳಲ್ಲ. ಇಂಟರ್‌ನೆಟ್‌ನಲ್ಲಿ ಮಾರುವ 193 ಆಯುರ್ವೇದ ಉತ್ಪನ್ನಗಳನ್ನು ಅಮೆರಿಕದ ಸಂಶೋಧಕರು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದರು. ಹೆಚ್ಚುಕಡಿಮೆ ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತು.

ಡಬ್ಬಿಯನ್ನು ಬೆಳಕಿಗೆ ಹಿಡಿದು ಓದಿ. ಆಹಾರಕ್ಕೆ ಲೈಸೆನ್ಸ್ ಕೊಡುವ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್ ಇದ್ದರೆ ಅದು ಕಾನೂನಿನ ಪ್ರಕಾರ ಆಹಾರ. ಸಣ್ಣ ಅಕ್ಷರದಲ್ಲಿ ‘ಔಷಧಿಯಾಗಿ ಬಳಸಲು ಅಲ್ಲ’ ಅನ್ನುವ ಅರ್ಥದ ಇಂಗ್ಲಿಷ್ ಸಾಲು ಇರಲೇಬೇಕು. ಅದನ್ನು ಅಪ್ಪನಿಗೆ ಓದಿ ಹೇಳಿ. ಆಯುರ್ವೇದ ಔಷಧಿ ಅಂತಿದ್ದರೆ ತಯಾರಿಕೆಯ ಲೈಸೆನ್ಸ್ ನಂಬರ್, ಬ್ಯಾಚ್, ಕಂಪನಿಯ ವಿಳಾಸ ಇರಬೇಕು. ಶುಗರ್ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಆಯುರ್ವೇದವೇ ಬೇಕು ಅಂದರೆ ಬೆಳಗಾವಿ, ವಿಜಯಪುರದಲ್ಲಿ ಆಯುರ್ವೇದ ಕಾಲೇಜುಗಳಿವೆ. ಅಲ್ಲಿನ ಓದಿದ ವೈದ್ಯರಿಗೆ ತೋರಿಸಿ. ಅವರು ನಾಡಿಯನ್ನೂ ನೋಡುತ್ತಾರೆ, ನಿಮ್ಮ ಲ್ಯಾಬ್ ಚೀಟಿಯನ್ನೂ ನೋಡುತ್ತಾರೆ.

ಜಗಳ ಬೇಡ. ‘ಅಪ್ಪಾ, ಪುಡಿ ಕೆಲಸ ಮಾಡಾಕತ್ತೇತಿ ಅಂತೀರಲ್ಲ, ಒಮ್ಮೆ ಪರೀಕ್ಷೆ ಮಾಡಿಸಿ ನೋಡೋಣು’ ಅನ್ನಿ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ, ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್, ಮೂತ್ರದ ಅಲ್ಬುಮಿನ್ ಮಾಡಿಸಿ. ಲಿವರ್ ಪರೀಕ್ಷೆಯೂ ಇರಲಿ. ಬಿಪಿಯನ್ನು ಎರಡು ಬೇರೆ ದಿನ ನೋಡಿಸಿ. ನನಗೆ ಜಾಸ್ತಿ ಚಿಂತೆ ಈ ಬಿಪಿಯದೇ. ಅದು ಏರಿದಾಗ ಬಹಳ ಜನರಿಗೆ ಏನೂ ಅನ್ನಿಸುವುದಿಲ್ಲ. ರಿಪೋರ್ಟ್, ಡಬ್ಬಿ, ಹಳೇ ಗುಳಿಗೆ ಚೀಟಿ ಎಲ್ಲವನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಈ ವಾರವೇ ವೈದ್ಯರ ಬಳಿ ಹೋಗಿ. ಹಳೇ ಗುಳಿಗೆಗಳನ್ನು ನೀವೇ ಮತ್ತೆ ಶುರು ಮಾಡಬೇಡಿ, ಪುಡಿಯ ಜೊತೆ ಸೇರಿದರೆ ಶುಗರ್ ಬೀಳಬಹುದು. ಖರ್ಚಿನ ವಿಷಯಕ್ಕೆ ಬಂದರೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ಗುಳಿಗೆ ಉಚಿತ. ಜನೌಷಧಿ ಕೇಂದ್ರದಲ್ಲಿ ತಿಂಗಳ ಮೆಟ್‌ಫಾರ್ಮಿನ್ ನೂರು ರೂಪಾಯಿಯೊಳಗೆ ಮುಗಿಯುತ್ತದೆ. ಉಳಿದ ಹಣದಲ್ಲಿ ಕಣ್ಣಿನ ಪರದೆ ತೋರಿಸಿ.

ಪ್ರಶ್ನೆ: ವಿಜಯಪುರದಿಂದ ಬರೆಯುತ್ತಿದ್ದೇನೆ, 34 ವರ್ಷ. ಥೈರಾಯ್ಡ್ ಗುಳಿಗೆ ತಗೊಂಡರೂ ರಿಪೋರ್ಟ್ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಕೂದಲು ಉದುರುತ್ತದೆ ಅಂತ ಬಯೋಟಿನ್, ಜೊತೆಗೆ ಕ್ಯಾಲ್ಸಿಯಂ, ಐರನ್ ಎಲ್ಲಾ ಬೆಳಿಗ್ಗೆ ಒಟ್ಟಿಗೇ ನುಂಗುತ್ತೇನೆ. ಇವು ಬರೀ ವಿಟಮಿನ್ ತಾನೆ?

ಉತ್ತರ: ಗೊಂದಲ ಆ ಒಟ್ಟಿಗೆ ನುಂಗುವುದರಲ್ಲೇ ಇರಬಹುದು ತಂಗಿ. ಕ್ಯಾಲ್ಸಿಯಂ, ಐರನ್ ಎರಡೂ ಥೈರಾಯ್ಡ್ ಗುಳಿಗೆಯನ್ನು ಹೊಟ್ಟೆಯಲ್ಲೇ ಹಿಡಿದುಕೊಳ್ಳುತ್ತವೆ. ನಾಲ್ಕು ಗಂಟೆ ಅಂತರ ಇಡಿ. ಬಯೋಟಿನ್ ಕೆಲವು ಲ್ಯಾಬ್ ವಿಧಾನಗಳಲ್ಲಿ ಥೈರಾಯ್ಡ್ ಪರೀಕ್ಷೆಯ ಮುಖ್ಯ ಅಂಕಿಯಾದ ಟಿಎಸ್‌ಎಚ್ ಅನ್ನು ಸುಳ್ಳಾಗಿ ಕಡಿಮೆ ತೋರಿಸುತ್ತದೆ. ರಕ್ತ ಕೊಡುವ ಮೊದಲು ಕನಿಷ್ಠ ಎರಡು ದಿನ ಅದನ್ನು ನಿಲ್ಲಿಸಿ, ಲ್ಯಾಬ್‌ನವರಿಗೂ ಹೇಳಿ. ಆರು ವಾರ ಹೀಗೆ ಮಾಡಿ ಮತ್ತೆ ಟಿಎಸ್‌ಎಚ್ ನೋಡಿಸಿ. ಡೋಸ್ ಬದಲಿಸುವ ಮಾತು ಆಮೇಲೆ.

ಪ್ರಶ್ನೆ: ಬೆಳಗಾವಿ, 67 ವರ್ಷ. ಮೂಳೆ ಗಟ್ಟಿಯಾಗಲಿ ಅಂತ 60,000 ಯೂನಿಟ್‌ನ ವಿಟಮಿನ್ ಡಿ ಪೊಟ್ಟಣವನ್ನು ಎರಡು ತಿಂಗಳಿಂದ ದಿನಾ ಹಾಲಿನಲ್ಲಿ ಕುಡಿಯುತ್ತಿದ್ದೇನೆ. ಈಗ ಬಾಯಾರಿಕೆ, ವಾಂತಿ, ಮಲಬದ್ಧತೆ.

ಉತ್ತರ: ಅಜ್ಜಾರ, ಇವತ್ತೇ ನಿಲ್ಲಿಸಿ. ಕ್ಯಾಲ್ಸಿಯಂ ಗುಳಿಗೆ ಇದ್ದರೆ ಅದನ್ನೂ. ಸಾಮಾನ್ಯವಾಗಿ ಆ ಪೊಟ್ಟಣವನ್ನು ವಾರಕ್ಕೊಂದು ಸಲ, ಅದೂ ಕೆಲವು ವಾರ ಮಾತ್ರ ಕೊಡುತ್ತೇವೆ. ವಿಟಮಿನ್ ಡಿ ಜಾಸ್ತಿಯಾದದ್ದು ಮೂತ್ರದಲ್ಲಿ ಹೋಗದೆ ಮೈಯ ಕೊಬ್ಬಿನಲ್ಲಿ ಕೂಡಿಕೊಳ್ಳುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು ಕೊಡುತ್ತದೆ. ನೀವು ಬರೆದ ಮೂರೂ ಲಕ್ಷಣ ಅದಕ್ಕೆ ಹೊಂದುತ್ತವೆ. ಇದನ್ನು ಓದಿದ ಕೂಡಲೇ ಮಗನನ್ನೋ ಪಕ್ಕದ ಮನೆಯವರನ್ನೋ ಕರೆದುಕೊಂಡು ಆಸ್ಪತ್ರೆಗೆ ಹೋಗಿ ಕ್ಯಾಲ್ಸಿಯಂ, ಕ್ರಿಯಾಟಿನಿನ್ ನೋಡಿಸಿ. ನಾಳೆ ನೋಡೋಣ ಅನ್ನಬೇಡಿ. ರಿಪೋರ್ಟ್ ಬಂದ ಮೇಲೆ ಒಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.