ಹದಿಹರೆಯದ ಮಕ್ಕಳಿಗಾಗಿ ಕಾರ್ಯಕ್ರಮದ ಪಟ್ಟಿ ಬರೆಯುವ ಮೊದಲು

ಮೈಸೂರಿನ ನಿಮ್ಮ ಬಡಾವಣೆಯ ಶಾಖಾ ಗ್ರಂಥಾಲಯಕ್ಕೆ ಹೈಸ್ಕೂಲು ಮತ್ತು ಪಿಯುಸಿಯ ಮಕ್ಕಳು ಬರುವಂತಾಗಲು ವರ್ಷದ ಕಾರ್ಯಕ್ರಮ ಪಟ್ಟಿಯನ್ನು ಹೇಗೆ ರೂಪಿಸಬೇಕೆಂದು ಕೇಳಿದ್ದೀರಿ. ಅಂಥದೇ ಒಂದು ಪಟ್ಟಿಯನ್ನು ನಾನು 2017ರಲ್ಲಿ ಬರೆದಿದ್ದೆ. ಆಗ ಮಂಡ್ಯ ಜಿಲ್ಲೆಯ ಒಂದು ಹೋಬಳಿ ಕೇಂದ್ರದ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಮೇಲ್ವಿಚಾರಕನಾಗಿದ್ದೆ. ಬಸ್ ನಿಲ್ದಾಣದ ಹಿಂದಿದ್ದ ಒಂದೇ ಕೊಠಡಿ, ಎರಡು ಉದ್ದನೆಯ ಮೇಜು, ನಾಲ್ಕು ಬೀರು, ಇಷ್ಟೇ ನಮ್ಮ ಗ್ರಂಥಾಲಯ.

ನವೆಂಬರ್ 14ರಿಂದ 20ರವರೆಗೆ ನಡೆಯುವ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹದಲ್ಲಿ ಉದ್ಘಾಟನೆ, ಅನಂತರ ಪ್ರತಿ ಶನಿವಾರ ಹನ್ನೊಂದೂವರೆಗೆ ರಸಪ್ರಶ್ನೆ, ಪ್ರಬಂಧ, ಭಾಷಣ, ಪುಸ್ತಕ ಪರಿಚಯ ಎಂದು ಯೋಜಿಸಿದೆ. ಶನಿವಾರ ಬೆಳಗಿನ ಶಾಲೆ ಹನ್ನೊಂದೂವರೆಗೆ ಬಿಡುತ್ತಿದ್ದುದರಿಂದ ಅದಕ್ಕಿಂತ ಒಳ್ಳೆಯ ಸಮಯ ಸಿಗಲಾರದೆಂದು ನಂಬಿದ್ದೆ. ಊರಿನವರಿಂದ ಹದಿನಾಲ್ಕು ಸಾವಿರ ರೂಪಾಯಿ ಕೂಡಿಸಿ ಬ್ಯಾನರು, ಮೈಕು, ಬಹುಮಾನದ ಪುಸ್ತಕಗಳನ್ನು ತಂದೆ. ಮೊದಲ ವಾರ ಮುಖ್ಯೋಪಾಧ್ಯಾಯರೇ ಸಾಲಾಗಿ ಕರೆತಂದದ್ದರಿಂದ ನಲವತ್ತೆರಡು ಮಕ್ಕಳು ಬಂದರು. ಐದನೆಯ ವಾರ ಉಳಿದವರು ಆರು ಮಂದಿ, ಮತ್ತು ಬಹುಮಾನಗಳು ಪ್ರತಿ ವಾರ ಅದೇ ಮೂರು ಮಕ್ಕಳ ಪಾಲಾಗುತ್ತಿದ್ದವು.

ನನ್ನ ತಪ್ಪು ಮಕ್ಕಳ ಸಂಖ್ಯೆ ಇಳಿದದ್ದರಲ್ಲಿ ಇರಲಿಲ್ಲ. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನೀವು ಬರೆದಿರುವ ಪ್ರಶ್ನೆಯೊಳಗೂ ಅದೇ ತಪ್ಪು ಕುಳಿತಿದೆಯೆಂದು ನನಗೆ ತೋರುತ್ತದೆ. ಕಾರ್ಯಕ್ರಮ ಶುರುವಾಗುವ ಮೊದಲು, ಶನಿವಾರ ಶಾಲೆ ಬಿಟ್ಟ ಮೇಲೆ ಪಕ್ಕದ ಹಳ್ಳಿಯ ಮೂವರು ಒಂಬತ್ತನೇ ತರಗತಿಯ ಹುಡುಗಿಯರು ಕಿಟಕಿಯ ಬಳಿಯ ಮೇಜಿಗೆ ಬಂದು ಕೂರುತ್ತಿದ್ದರು. ಅವರ ಊರಿನ ಬಸ್ಸು ಹನ್ನೆರಡೂ ಮುಕ್ಕಾಲಿಗೆ. ಅಲ್ಲಿಯವರೆಗೆ ಒಬ್ಬಳು ವಾರಪತ್ರಿಕೆಯ ಧಾರಾವಾಹಿಯನ್ನು ಮೆಲುದನಿಯಲ್ಲಿ ಓದುತ್ತಿದ್ದಳು, ಉಳಿದಿಬ್ಬರು ತಲೆ ಬಗ್ಗಿಸಿ ಕೇಳುತ್ತಿದ್ದರು, ನಡುವೆ ಕಥೆಯ ಬಗ್ಗೆ ಜಗಳವನ್ನೂ ಆಡುತ್ತಿದ್ದರು. ಸದಸ್ಯತ್ವಕ್ಕೆ ಆಗ ನಮ್ಮಲ್ಲಿ ಠೇವಣಿ ಕಟ್ಟಬೇಕಿದ್ದುದರಿಂದ ಅವರು ಸದಸ್ಯರಾಗಿರಲಿಲ್ಲ, ಪುಸ್ತಕವನ್ನು ಮನೆಗೆ ಒಯ್ಯುತ್ತಿರಲಿಲ್ಲ, ಹಾಜರಿ ಪುಸ್ತಕದಲ್ಲಿ ಸಹಿಯನ್ನೂ ಹಾಕುತ್ತಿರಲಿಲ್ಲ. ನನ್ನ ಕಣ್ಣಿಗೆ ಅವರು ಬಸ್ಸು ಕಾಯುವವರು, ಓದುಗರಲ್ಲ. ಆದ್ದರಿಂದ ಯುವಜನರು ಗ್ರಂಥಾಲಯವನ್ನು ತಾವಾಗಿ ಬಳಸುತ್ತಿದ್ದ ವಾರದ ಏಕೈಕ ಗಳಿಗೆಗೆ, ಅವರು ಕೂರುತ್ತಿದ್ದ ಅದೇ ಮೇಜನ್ನು ಗೋಡೆಗೆ ಒತ್ತರಿಸಿ, ಕುರ್ಚಿಗಳನ್ನು ಸಾಲಾಗಿ ಹಾಕಿಸಿ, ಮೈಕು ಇಟ್ಟು, ಯುವಜನರಿಗಾಗಿ ಕಾರ್ಯಕ್ರಮ ಮಾಡಿದೆ.

ಡಿಸೆಂಬರಿನ ಒಂದು ಶನಿವಾರ ಆ ಹುಡುಗಿಯರು ನಿಲ್ದಾಣದ ಪಕ್ಕದ ಅಂಗಡಿಯೊಂದರ ನೆರಳಲ್ಲಿ ಚೀಲ ಹಿಡಿದು ನಿಂತಿದ್ದರು. ಒಳಗೆ ಯಾಕೆ ಬರಲಿಲ್ಲವೆಂದು ಕೇಳಿದೆ. "ಅಲ್ಲಿ ಫಂಕ್ಷನ್ ನಡೀತದಲ್ಲ ಸಾ, ನಾವೆಲ್ಲಿ ಕೂತ್ಕೊಳದು?" ಎಂದಳು ಒಬ್ಬಳು. ಕಾರ್ಯಕ್ರಮ ನಿಮಗಾಗಿಯೇ ಅಲ್ಲವೇ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಮುಂದಿನ ವಾರವೇ ಮೈಕನ್ನು ಹಿಂದಿರುಗಿಸಿ ಮೇಜನ್ನು ಕಿಟಕಿಯ ಬಳಿಗೆ ತಂದಿಟ್ಟೆ. ಇಬ್ಬರು ಮರಳಿದರು. ಧಾರಾವಾಹಿ ಓದುತ್ತಿದ್ದವಳು ಬರಲಿಲ್ಲ. ಮಗಳು ಬಸ್ ನಿಲ್ದಾಣದಲ್ಲಿ ಗಂಟೆಗಟ್ಟಲೆ ನಿಂತಿರುತ್ತಾಳೆಂಬ ಮಾತು ಮನೆಗೆ ಮುಟ್ಟಿ, ಶನಿವಾರ ಶಾಲೆಗೆ ಕಳಿಸುವುದನ್ನೇ ಅವರು ನಿಲ್ಲಿಸಿದ್ದರು. ನಾನು ಅವರ ಮನೆಗೆ ಹೋಗಿ ಮಾತಾಡಿದೆ. ಅವರು ಗೌರವದಿಂದಲೇ ಕೂರಿಸಿ ಕಾಫಿ ಕೊಟ್ಟರು, ಆದರೆ ಮನಸ್ಸು ಬದಲಿಸಲಿಲ್ಲ.

ಹೀಗಾಗಿ ಯಾವ ಕಾರ್ಯಕ್ರಮ ಮಾಡಿದರೆ ಮಕ್ಕಳು ಬರುತ್ತಾರೆ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮಕ್ಕಳು ಈಗಾಗಲೇ ಬರುತ್ತಿರಬಹುದು, ನೀವು ಅವರನ್ನು ಲೆಕ್ಕಕ್ಕೆ ಹಿಡಿದಿರಲಾರಿರಿ. ಎರಡು ತಿಂಗಳು ಏನನ್ನೂ ಆಯೋಜಿಸದೆ, ಯಾವ ಹೊತ್ತಿಗೆ ಯಾರು ಬರುತ್ತಾರೆ, ಎಲ್ಲಿ ಕೂರುತ್ತಾರೆ, ಏನು ಮಾಡುತ್ತಾರೆ, ಯಾವಾಗ ಎದ್ದು ಹೋಗುತ್ತಾರೆ ಎಂಬುದನ್ನು, ಸಹಿ ಹಾಕದವರನ್ನೂ ಸೇರಿಸಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಭಾರತದಲ್ಲಿ ಗ್ರಂಥಾಲಯ ವಿಜ್ಞಾನಕ್ಕೆ ಬುನಾದಿ ಹಾಕಿದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಮುಂದಿಟ್ಟ ಐದು ಸೂತ್ರಗಳಲ್ಲಿ ಮೊದಲನೆಯದು, ಪುಸ್ತಕಗಳಿರುವುದು ಬಳಕೆಗಾಗಿ ಎಂಬುದು. ಅದನ್ನು ವಿವರಿಸುವಾಗ ಅವರು ಗ್ರಂಥಾಲಯ ಎಲ್ಲಿರಬೇಕು, ಎಷ್ಟು ಹೊತ್ತು ತೆರೆದಿರಬೇಕು, ಪೀಠೋಪಕರಣ ಹೇಗಿರಬೇಕು ಎಂಬುದನ್ನೇ ಚರ್ಚಿಸುತ್ತಾರೆ. ಆ ಸೂತ್ರವನ್ನು ಗೋಡೆಯ ಮೇಲೆ ಬರೆಸಿದ್ದ ನಾನು ಮೇಜು ಮತ್ತು ಸಮಯದ ವಿಷಯದಲ್ಲೇ ಎಡವಿದೆ.

ಮೈಸೂರಿನಲ್ಲಿ ನೀವು ಎದುರಿಸುವ ತೊಡಕು ಬೇರೆಯದಾಗಿರಬಹುದು. ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವವರು ಬೆಳಿಗ್ಗೆಯೇ ಬಂದು ಕುರ್ಚಿ ಹಿಡಿದಿದ್ದರೆ, ಸಂಜೆ ಬರುವ ಹೈಸ್ಕೂಲಿನ ಮಕ್ಕಳಿಗೆ ಜಾಗವೂ ಇರುವುದಿಲ್ಲ, ಪಿಸುಮಾತಿಗೆ ಅವಕಾಶವೂ ಇರುವುದಿಲ್ಲ. ಮೆಲ್ಲಗೆ ಮಾತಾಡಬಹುದಾದ ಒಂದು ಮೇಜನ್ನು ಸಂಜೆ ಐದರಿಂದ ಏಳರವರೆಗೆ ಅವರಿಗೆಂದೇ ಮೀಸಲಿಡಿಸುವುದು ಹತ್ತು ಪ್ರಬಂಧ ಸ್ಪರ್ಧೆಗಳಿಗಿಂತ ದೊಡ್ಡ ಸೇವೆ. ಹಣಕ್ಕಾಗಿ ನನ್ನಂತೆ ಮೊದಲು ದಾನಿಗಳ ಬಾಗಿಲಿಗೆ ಹೋಗಬೇಡಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಂತೆ ನೀವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರವಿದೆ. ನಮ್ಮ ಶಾಖೆಗೆ ಏನು ಬಂದಿದೆ, ಏನು ಬರಬೇಕು ಎಂದು ಬರವಣಿಗೆಯಲ್ಲಿ ಕೇಳುವ ಹಕ್ಕು ನಿಮಗಿದೆ. ಸದಸ್ಯತ್ವದ ಠೇವಣಿಯ ಬಗ್ಗೆಯೂ ವಿಚಾರಿಸಿ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಸೇರಿ, ಮರುವರ್ಷ 'ಓದುವ ಬೆಳಕು' ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಾಗ, ಮೂರು ವರ್ಷ ಮೊದಲೇ ಇದು ಬಂದಿದ್ದರೆ ಆ ಮೂವರ ಹೆಸರೂ ನನ್ನ ಪುಸ್ತಕದಲ್ಲಿ ಇರುತ್ತಿತ್ತೆಂದು ನೆನೆದು ಸಂಕಟಪಟ್ಟಿದ್ದೇನೆ.

ಇನ್ನೊಂದು ವಿಷಯವನ್ನು ನಾಳೆಯೇ ನೋಡಿ. ನಮ್ಮ ಗ್ರಂಥಾಲಯದ ಶೌಚಾಲಯದ ಬೀಗದ ಕೈ ನನ್ನ ಮೇಜಿನ ಡ್ರಾಯರಿನಲ್ಲಿ ಇರುತ್ತಿತ್ತು. ಹದಿನಾಲ್ಕು ವರ್ಷದ ಹುಡುಗಿ ಎಲ್ಲರ ಮುಂದೆ ನನ್ನ ಬಳಿ ಬಂದು ಅದನ್ನು ಕೇಳಬೇಕಿತ್ತು, ಆ ಮೂವರೂ ಒಮ್ಮೆಯೂ ಕೇಳಲಿಲ್ಲ. ಜನವರಿಯಲ್ಲಿ ಬಾಗಿಲ ಪಕ್ಕದ ಗೋಡೆಗೆ ಮೊಳೆ ಹೊಡೆದು ಅದನ್ನು ಅಲ್ಲಿ ನೇತುಹಾಕಿದೆ.