ಫಲಿತಾಂಶ ಇಲ್ಲದಿದ್ದರೂ ಪೋಸ್ಟರ್ ಹಾಕು ತಂಗಿ

ತಂಗಿ, ನಿನ್ನ ಪ್ರಶ್ನೆ ಓದಿದೆ. ಹಿರಿಯೂರಿನಿಂದ ಆಸ್ಟ್ರೇಲಿಯಾದ ಟೌನ್ಸ್‌ವಿಲ್‌ಗೆ ಸಾಗರ ಜೀವಶಾಸ್ತ್ರದಲ್ಲಿ ಪಿಎಚ್‌ಡಿ ಮಾಡೋಕೆ ಬಂದು ಎರಡು ತಿಂಗಳಾಯ್ತು, ವಿದ್ಯಾರ್ಥಿಗಳ ಸಂಶೋಧನಾ ದಿನ ಹತ್ತಿರ ಬಂತು, ಕೈಯಲ್ಲಿ ಫಲಿತಾಂಶ ಏನೂ ಇಲ್ಲ, ಈ ವರ್ಷ ಸುಮ್ನೆ ಕೂತು ಕೇಳಿದರೆ ಸಾಕಲ್ವಾ ಅಣ್ಣ ಅಂತ ಬರೆದಿದ್ದೀಯ. ಸಾಲದು. ನಾನು ದಾವಣಗೆರೆಯವನು, ಹನ್ನೆರಡು ವರ್ಷದಿಂದ ಇಲ್ಲೇ ಇದ್ದೇನೆ. ಊಟ, ಮನೆ, ಬಾಡಿಗೆ ಎಲ್ಲ ನಿಧಾನಕ್ಕೆ ಹೊಂದಿಕೊಳ್ಳುತ್ತವೆ. ಇದೊಂದನ್ನು ಮಾತ್ರ ಮುಂದೂಡಬೇಡ, ಹೆಸರು ಕೊಡು.

ಮೊದಲ ವರ್ಷ ನಾನೂ ಹಿಂದಿನ ಸಾಲಿನಲ್ಲಿ ಕೂತು ಎದ್ದು ಬಂದೆ. ಎರಡನೇ ವರ್ಷ ಪೋಸ್ಟರ್ ಹಾಕಿದೆ, ಅಂದರೆ ನನ್ನ ಸಂಶೋಧನೆಯನ್ನು ದೊಡ್ಡ ಹಾಳೆಯಲ್ಲಿ ಚಿತ್ರ ಸಮೇತ ಬರೆದು ಗೋಡೆಗೆ ಹಾಕಿ ಪಕ್ಕದಲ್ಲಿ ನಿಂತೆ. ನೀರು ಬಿಸಿಯಾದರೆ ಹವಳದೊಳಗಿನ ಪಾಚಿ ಹೊರಗೆ ಹೋಗಿ ಹವಳ ಬಿಳಿಚಿಕೊಳ್ಳುತ್ತದಲ್ಲ, ಅದರ ಪ್ರಯೋಗ. ಬಿಸಿನೀರಿನ ತೊಟ್ಟಿಯಲ್ಲಿ ಮೂವತ್ತು ತುಂಡು, ಸಾದಾ ನೀರಿನ ತೊಟ್ಟಿಯಲ್ಲಿ ಮೂವತ್ತು. ಸೀನಿಯರ್ ಒಬ್ಬಳು ಟೀ ಕಪ್ ಹಿಡಿದುಕೊಂಡು ಬಂದು, ಒಟ್ಟು ತೊಟ್ಟಿ ಎಷ್ಟು ಅಂತ ಕೇಳಿದಳು. ಎರಡು ಅಂದೆ. ಹಾಗಾದರೆ ಒಂದೊಂದು ಕಡೆ ನಿನ್ನ ಲೆಕ್ಕ ಮೂವತ್ತಲ್ಲ, ಒಂದೇ ಅಂದಳು. ನಮ್ಮ ಕಡೆ ಮೆಕ್ಕೆಜೋಳದಲ್ಲಿ ಹೇಳುವುದಾದರೆ, ಗೊಬ್ಬರ ಹಾಕಿದ ಒಂದು ಹೊಲ, ಹಾಕದ ಒಂದು ಹೊಲ ಇಟ್ಟುಕೊಂಡು ಒಂದೊಂದರಲ್ಲಿ ನೂರು ಗಿಡ ಅಳೆದರೂ ನೋಡಿದ್ದು ಎರಡೇ ಹೊಲ. ವ್ಯತ್ಯಾಸ ಗೊಬ್ಬರದ್ದೋ ಮಣ್ಣಿನದ್ದೋ ಹೇಗೆ ಗೊತ್ತಾಗಬೇಕು? ಮುಂದಿನ ವಾರವೇ ಹನ್ನೆರಡು ಸಣ್ಣ ತೊಟ್ಟಿ ಹೊಂದಿಸಿಕೊಂಡು ಮೊದಲಿಂದ ಶುರು ಮಾಡಿದೆ. ಥೀಸಿಸ್ ಪರೀಕ್ಷಕರ ಕೈಗೆ ಹೋದ ಮೇಲೆ ಈ ಮಾತು ಬಂದಿದ್ದರೆ ವರ್ಷಗಟ್ಟಲೆ ದುಡಿದದ್ದು ಹೋಗುತ್ತಿತ್ತು. ಆ ಪೋಸ್ಟರನ್ನು ಒಂದು ವರ್ಷ ಮೊದಲೇ ಹಾಕಿದ್ದರೆ ಇನ್ನೂ ಎಷ್ಟು ಉಳಿಯುತ್ತಿತ್ತು ಅಂತ ಈಗಲೂ ಅನ್ನಿಸುತ್ತದೆ.

ಫಲಿತಾಂಶ ಇಲ್ಲದಿದ್ದರೆ ಏನು ಹಾಕಬೇಕು ಅಂದರೆ, ನಿನ್ನ ಪ್ರಶ್ನೆ ಹಾಕು, ಮಾದರಿ ತೆಗೆಯುವ ಜಾಗದ ನಕ್ಷೆ ಹಾಕು, ತೊಟ್ಟಿ ಹೇಗೆ ಜೋಡಿಸುತ್ತೀಯ ಅನ್ನುವುದರ ಚಿತ್ರ ದೊಡ್ಡದಾಗಿ ಹಾಕು. ಜನ ತಪ್ಪು ಹಿಡಿಯುವುದು ಅಲ್ಲೇ, ಹಿಡಿಯಲಿ. ಇಲ್ಲಿ ಗೈಡ್‌ಗೆ ಸರ್, ಮೇಡಂ ಅನ್ನುವುದಿಲ್ಲ, ಹೆಸರು ಹಿಡಿದೇ ಕರೆಯುತ್ತಾರೆ, ಹಾಗಾಗಿ ಹಿರಿಯರನ್ನು ಪ್ರಶ್ನೆ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಇಂಗ್ಲಿಷಿನ ಭಯ ಬರೆದಿದ್ದೀಯ. ಮೂರು ನಿಮಿಷದ ಥೀಸಿಸ್ ಸ್ಪರ್ಧೆ ಅಂತ ಒಂದಿದೆ, 2008ರಲ್ಲಿ ಬ್ರಿಸ್ಬೇನ್‌ನ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲೇ ಶುರುವಾದದ್ದು. ಒಂದೇ ಸ್ಲೈಡ್ ಇಟ್ಟುಕೊಂಡು ಮೂರು ನಿಮಿಷದಲ್ಲಿ ನಿನ್ನ ಸಂಶೋಧನೆ ಹೇಳಬೇಕು, ಅಷ್ಟೇ. ಅದಕ್ಕೆ ತಯಾರಾಗುವಾಗ ಮೊದಲು ಅಮ್ಮನಿಗೆ ಫೋನಿನಲ್ಲಿ ಕನ್ನಡದಲ್ಲಿ ಹೇಳು. ಅಮ್ಮ ಎಲ್ಲಿ "ಅಂದ್ರೆ?" ಅಂತಾರೋ ಅಲ್ಲಿ ನಿನಗೂ ಸರಿಯಾಗಿ ಅರ್ಥ ಆಗಿಲ್ಲ ಅಂತ ತಿಳಿ. ಆಮೇಲೆ ಇಂಗ್ಲಿಷಿಗೆ ತರುವುದು ಕಷ್ಟವಲ್ಲ.

ಇನ್ನು ನಿಮ್ಮೂರಿನ ಅಣೆಕಟ್ಟು ವಾಣಿ ವಿಲಾಸ ಸಾಗರ ಬಿಟ್ಟು ಬೇರೆ ಸಾಗರ ನೋಡದೆ ಬೆಳೆದವಳು ಅನ್ನುವ ಸಂಕೋಚ. ನಿಮ್ಮ ಜಿಲ್ಲೆಯ ಮರಡಿಹಳ್ಳಿಯಲ್ಲಿ ದಿಂಬಿನ ಹಾಗೆ ಉಬ್ಬಿದ ಬಂಡೆಗಳಿವೆಯಲ್ಲ, ಸುಮಾರು 250 ಕೋಟಿ ವರ್ಷದ ಹಿಂದೆ ನೀರಿನಡಿಯಲ್ಲಿ ಲಾವಾ ಉಕ್ಕಿ ಹೆಪ್ಪುಗಟ್ಟಿ ಆದವು ಅವು. ಇಲ್ಲಿನವರಿಗೆ ಅದರ ಫೋಟೋ ತೋರಿಸಿದರೆ ಬಿಡದೆ ಕೇಳುತ್ತಾರೆ. ಅಂತರರಾಷ್ಟ್ರೀಯ ಹವಳ ದಿಬ್ಬ ಸಮ್ಮೇಳನ ಮೊಟ್ಟಮೊದಲು ನಡೆದದ್ದೂ 1969ರಲ್ಲಿ, ನಮ್ಮ ರಾಮೇಶ್ವರದ ಪಕ್ಕದ ಮಂಡಪಂನಲ್ಲಿ. ನೀನು ಇಲ್ಲಿ ಹೊರಗಿನವಳಲ್ಲ.

ಈಜು ಬರಲ್ಲ ಅಂದರೆ ಕಲಿ, ಈಜುಕೊಳದಲ್ಲಿ. ನವೆಂಬರಿನಿಂದ ಮೇವರೆಗೆ ಇಲ್ಲಿನ ಕಡಲಲ್ಲಿ ವಿಷದ ಲೋಳೆಮೀನು ಇರುತ್ತವೆ, ಹುಷಾರು.

ಪೋಸ್ಟರಿನ ಕರಡು ಆದ ತಕ್ಷಣ ಕಳಿಸು. ತೊಟ್ಟಿ ಎಷ್ಟು ಅಂತ ಮೊದಲು ನಾನೇ ಕೇಳುತ್ತೇನೆ.